ಸೊಸೈಟಿ ಟೆರೇಸಿಗೆ ಸೋಲಾರ್ ಹಾಕಿಸಿದರೆ ಮಹಾವಿತರಣದ ಹಂಗು ಪೂರ್ತಿ ಬಿಡಬಹುದೇ?

ನಿಮ್ಮ ಸೊಸೈಟಿ ಪುಣೆಯ ಸಿಂಹಗಡ ರಸ್ತೆಯದು, 40 ಫ್ಲ್ಯಾಟು, ಕಾಮನ್ ಮೀಟರಿನಲ್ಲಿ (ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಯದು) ತಿಂಗಳಿಗೆ 1,500 ಯೂನಿಟ್, ಜೊತೆಗೊಂದು ಡೀಸೆಲ್ ಜನರೇಟರ್ ಎಂದಿದ್ದೀರಿ. ಮಹಾವಿತರಣದ (ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ವಿತರಣಾ ಕಂಪನಿ) ಬಿಲ್ಲಿನ ಹಂಗು ಬಹುಪಾಲು ಬಿಡಬಹುದು, ತಂತಿಯ ಹಂಗು ಬಿಡಬೇಡಿ ಎನ್ನುತ್ತೇನೆ. ಜಡಿಮಳೆ ಹಿಡಿದ ಜುಲೈಯಲ್ಲಿ ಕೆಲವು ದಿನ ಒಂದು ಕಿಲೋವ್ಯಾಟಿಗೆ ಒಂದು ಯೂನಿಟ್ಟೂ ಕಷ್ಟ. ಆ ದಿನಗಳಿಗಾಗಿ ಬ್ಯಾಟರಿ ಕೊಳ್ಳುವುದು ದುಡ್ಡು ಹಾಳು.

ಪುಣೆಯಲ್ಲಿ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. 550 ವ್ಯಾಟಿನ 22 ಪ್ಯಾನೆಲ್, ಅಂದರೆ 12 ಕಿಲೋವ್ಯಾಟ್ ಸಾಕು. ಅದಕ್ಕೆ ನೆರಳಿಲ್ಲದ 1,200 ಚದರಡಿ ಬೇಕು. ವರ್ಷಕ್ಕೆ ನಿಮ್ಮ ಬಳಕೆ 18,000 ಯೂನಿಟ್, ಉತ್ಪಾದನೆ 16,800. ಬೇಕೆಂದೇ ಸ್ವಲ್ಪ ಕಡಿಮೆ ಇಟ್ಟಿದ್ದೇನೆ: ನೆಟ್ ಮೀಟರಿಂಗ್‌ನ (ಮಹಾವಿತರಣಕ್ಕೆ ಕೊಟ್ಟ ಯೂನಿಟ್ಟನ್ನು ಬಳಸಿದ ಯೂನಿಟ್ಟಿನಲ್ಲಿ ಕಳೆಯುವ ವ್ಯವಸ್ಥೆ) ಲೆಕ್ಕ ಮಾರ್ಚ್ ಕೊನೆಗೆ ಮುಗಿಯುತ್ತದೆ, ಆಗ ಉಳಿದ ಯೂನಿಟ್ಟಿಗೆ ಸಿಗುವ ದರ ಬಹಳ ಕಡಿಮೆ. ಕೇಂದ್ರ ಸರ್ಕಾರದ ಸೋಲಾರ್ ಯೋಜನೆಯಾದ ಪಿಎಂ ಸೂರ್ಯಘರ್‌ನಲ್ಲಿ ಸೊಸೈಟಿಯ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ, ನಿಮಗೆ 2,16,000 ರೂಪಾಯಿ. ಆದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು, ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ಇನ್ನು ಕರೆಂಟು ಹೋದಾಗಿನ ಮಾತು. ಪ್ಯಾನೆಲಿನ ಕರೆಂಟನ್ನು ಮನೆಬಳಕೆಯ ಕರೆಂಟಾಗಿ ಬದಲಿಸಿ ಗ್ರಿಡ್ಡಿಗೆ (ಮಹಾವಿತರಣದ ತಂತಿಜಾಲಕ್ಕೆ) ಸೇರಿಸುವ ಸಾಧಾರಣ ಗ್ರಿಡ್ ಇನ್ವರ್ಟರ್ ಎಂಥ ಬಿಸಿಲಿದ್ದರೂ ತಕ್ಷಣ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲದಿದ್ದರೆ ಸೋಲಾರ್ ಕರೆಂಟು ತಂತಿಗೆ ಹರಿದು ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಹೆಚ್ಚಿನವರು ಎಡವುವುದು ಜನರೇಟರಿನಲ್ಲಿ. ಸೋಲಾರನ್ನು ಚೇಂಜ್‌ಓವರ್ ಸ್ವಿಚ್ಚಿನ (ಗ್ರಿಡ್ಡಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್ಚು) ಲೋಡ್ ಕಡೆ, ಅಂದರೆ ಲಿಫ್ಟು, ದೀಪಗಳಿಗೆ ಹೋಗುವ ಕಡೆ ಜೋಡಿಸಿದರೆ ಇನ್ವರ್ಟರು ಜನರೇಟರನ್ನೇ ಗ್ರಿಡ್ ಎಂದುಕೊಂಡು ಚಾಲೂ ಆಗುತ್ತದೆ. ಮಧ್ಯಾಹ್ನ ಲಿಫ್ಟು ನಿಂತು ಲೋಡು ಇಳಿದಾಗ ಕರೆಂಟು ಹಿಮ್ಮುಖವಾಗಿ ಜನರೇಟರಿಗೇ ನುಗ್ಗಿ ಅದನ್ನು ಕೆಡಿಸಬಹುದು. ಗ್ರಿಡ್ ಕಡೆಗೇ ಜೋಡಿಸಲು ಹೇಳಿ.

ಡೀಸೆಲ್ ಬಿಡಬೇಕೆಂದಿದ್ದರೆ ಮೆಟ್ಟಿಲ ದೀಪ, ಸಿಸಿಟಿವಿ ಮತ್ತು ಒಂದೇ ಒಂದು ಲಿಫ್ಟಿಗೆ ಬ್ಯಾಟರಿಯಿಂದಲೂ ನಡೆಯುವ ತ್ರೀ ಫೇಸ್ ಹೈಬ್ರಿಡ್ ಇನ್ವರ್ಟರ್, 10 ಯೂನಿಟ್ಟಿನ ಲಿಥಿಯಂ ಬ್ಯಾಟರಿ ನೋಡಿ. ಲಿಫ್ಟಿಗೆ ವಿಎಫ್‌ಡಿ ಡ್ರೈವ್ (ಮೋಟರನ್ನು ನಿಧಾನವಾಗಿ ಶುರು ಮಾಡುವ ಸಾಧನ) ಇದೆಯೇ ಎಂದು ಮೊದಲು ವಿಚಾರಿಸಿ. ನೇರ ಸ್ಟಾರ್ಟಿನ ಮೋಟರು ಶುರುವಿಗೆ ಐದಾರು ಪಟ್ಟು ಕರೆಂಟು ಎಳೆದು ಇನ್ವರ್ಟರನ್ನು ಟ್ರಿಪ್ ಮಾಡುತ್ತದೆ. ಇದೇ ಕಾರಣಕ್ಕೆ ನೀರಿನ ಪಂಪನ್ನು ಬ್ಯಾಟರಿಗೆ ಹಾಕಬೇಡಿ, ಓವರ್‌ಹೆಡ್ ಟ್ಯಾಂಕು ತುಂಬಿಸಿಡುವುದೇ ಅಗ್ಗದ ಬ್ಯಾಟರಿ.

ಸ್ಲ್ಯಾಬಿಗೆ ಡ್ರಿಲ್ ಮಾಡಲು ಬಿಡಬೇಡಿ, ವಾಟರ್‌ಪ್ರೂಫಿಂಗ್ ಹೋಗುತ್ತದೆ. ಕಾಂಕ್ರೀಟ್ ಬ್ಲಾಕಿನ ಮೇಲೆ ಸ್ಟ್ರಕ್ಚರ್ ನಿಲ್ಲಿಸಿ, ಸ್ಲ್ಯಾಬು ಆ ಭಾರ ತಾಳುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರರಿಂದ ಬರೆಸಿಕೊಳ್ಳಿ. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಕನೆಕ್ಟರುಗಳಲ್ಲಿ ಎರಡು ಬೇರೆ ಕಂಪನಿಯವನ್ನು ಒಂದಕ್ಕೊಂದು ಸಿಕ್ಕಿಸಿದ ಜಾಗ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಹಣ ಪಾವತಿಸುವ ಮುನ್ನ ಒಂದೊಂದನ್ನೂ ಕಣ್ಣಾರೆ ನೋಡಿ.