ತಮ್ಮನಿಗೆ ಸ್ಕಿಜೋಫ್ರೇನಿಯಾ, ಮನೆಯವರು ಗುಂಪು ಸಭೆಗೆ ಯಾಕೆ ಹೋಗಬೇಕು?

"ಕಾಯಿಲೆ ಅವನಿಗೆ, ನಮ್ಮನ್ನು ಯಾಕೆ ಕರೆಯುತ್ತಾರೆ? ನಾವೇ ಹಾಳು ಮಾಡಿದ್ವಿ ಅಂತ ಹೇಳೋಕಾ?" ಎಂದು ನಿಮ್ಮ ತಂದೆ ಸಿಟ್ಟಾಗಿದ್ದಾರೆ ಅಂತ ಬರೆದಿದ್ದೀರಿ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರ ಹಲವು ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡುವ ಇಂಥ ಗುಂಪುಗಳನ್ನು ಆಸ್ಪತ್ರೆಯಲ್ಲಿ ನಡೆಸುವ ಸೋಷಿಯಲ್ ವರ್ಕರ್ ನಾನು. ಈ ಸಿಟ್ಟು ನನಗೆ ಹೊಸದಲ್ಲ, ಅದು ತಪ್ಪೂ ಅಲ್ಲ. ತಾಯಿ ಬೆಳೆಸಿದ ರೀತಿಯಿಂದಲೇ ಈ ಕಾಯಿಲೆ ಬರುತ್ತದೆ ಎಂದು ಒಂದು ಕಾಲದಲ್ಲಿ ಅಮೆರಿಕದ ಕೆಲವು ಡಾಕ್ಟರುಗಳೇ ಹೇಳುತ್ತಿದ್ದರು. ಅದು ಸುಳ್ಳು. ಮೊದಲ ದಿನವೇ ನಾವು ಇದನ್ನು ಬಿಡಿಸಿ ಹೇಳುತ್ತೇವೆ.

ಮನೆಯಿಂದ ಕಾಯಿಲೆ ಬರುವುದಿಲ್ಲ, ಆದರೆ ಅದು ಮತ್ತೆ ಕೆರಳುವುದಕ್ಕೂ ಮನೆಯ ವಾತಾವರಣಕ್ಕೂ ಸಂಬಂಧ ಇದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಿಂದ ಇದನ್ನು ಗಮನಿಸುತ್ತಾ ಬಂದರು. ಟೀಕೆ, ಸಿಡುಕು, ಅತಿ ಕಾಳಜಿ ಹೆಚ್ಚಿದ್ದ ಮನೆಗಳಿಗೆ ಆಸ್ಪತ್ರೆಯಿಂದ ವಾಪಸಾದವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಇತ್ತು. ಆಮೇಲೆ ಚಂಡೀಗಢದಲ್ಲಿ ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಕಂಡವು. ಹಾಗಂತ ಬೀಗಬೇಕಾಗಿಲ್ಲ. "ದಂಡಪಿಂಡ" ಎಂಬ ಮಾತು ನಮ್ಮ ಮನೆಗಳಲ್ಲೂ ಚೆನ್ನಾಗಿಯೇ ಓಡಾಡುತ್ತದೆ, ಅಲ್ವಾ?

ಗುಂಪಿನ ನಿಜವಾದ ಕೆಲಸ ಇರುವುದು ಇಲ್ಲೇ. "ಹನ್ನೊಂದಕ್ಕೆ ಏಳ್ತಾನೆ, ಸ್ನಾನ ಮಾಡಲ್ಲ, ಬರೀ ಸೋಮಾರಿ" ಎಂದು ಒಬ್ಬ ಅಪ್ಪ ಶುರು ಮಾಡುತ್ತಾರೆ. ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು ಕೂಡ ಈ ಕಾಯಿಲೆಯ ಲಕ್ಷಣ, ಕೆಲವೊಮ್ಮೆ ಮಾತ್ರೆಯ ಮಂಪರೂ ಸೇರಿರುತ್ತದೆ. ಇದನ್ನು ನಾನು ಹೇಳಿದರೆ ಅವರು ಸುಮ್ನೆ ತಲೆಯಾಡಿಸುತ್ತಾರೆ. ಎದುರಿಗೆ ಕೂತ ಇನ್ನೊಬ್ಬ ಅಪ್ಪ "ನಾನೂ ಹಾಗೇ ಬೈತಿದ್ದೆ ಸಾರ್" ಅಂದರೆ ಕಿವಿ ತೆರೆಯುತ್ತದೆ. ಆಮೇಲೆ ಆ ಒಂದೇ ಸಮಸ್ಯೆಗೆ ಎಲ್ಲರೂ ಉಪಾಯ ಹೇಳುತ್ತಾರೆ. ಸ್ನಾನಕ್ಕೆ ಒಂದೇ ಹೊತ್ತು ಗೊತ್ತು ಮಾಡಿ, ಬಿಸಿನೀರು ಮೊದಲೇ ಕಾಯಿಸಿಡಿ, ನಾಲ್ಕು ಜನ ಹೇಳಬೇಡಿ, ಒಬ್ಬರೇ ಒಂದು ಸಲ ಹೇಳಿ. ಮನೆಯವರು ಅದರಲ್ಲಿ ಒಂದನ್ನು ಆರಿಸಿಕೊಂಡು ಮಾಡಿ ನೋಡಿ, ಏನಾಯಿತು ಅಂತ ಮುಂದಿನ ಸಲ ಬಂದು ಹೇಳುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತದಾ ಎಂಬ ಪ್ರಶ್ನೆಯೂ ಬಂದೇ ಬರುತ್ತದೆ. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರ ಕೊಡುವವರು, ಹಾಗೆ ಮಾಡಿ ನೋಡಿದ ಮನೆಯವರು.

ಇದು ಬರೀ ಸಮಾಧಾನದ ಮಾತಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮೆಕ್‌ಫಾರ್ಲೇನ್ ಎಂಬ ಮನೋವೈದ್ಯ ಮತ್ತು ಸಂಗಡಿಗರು ಹಲವು ಕುಟುಂಬಗಳನ್ನು ಒಟ್ಟಿಗೆ ಕೂರಿಸುವ ಪದ್ಧತಿಯನ್ನೂ, ಒಂದೊಂದೇ ಕುಟುಂಬಕ್ಕೆ ಹೇಳಿಕೊಡುವ ಪದ್ಧತಿಯನ್ನೂ ಹೋಲಿಸಿ ನೋಡಿದರು. 1995ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು ಗುಂಪಿನಲ್ಲಿ ಶೇ. 16, ಒಂದೊಂದೇ ಕುಟುಂಬಕ್ಕೆ ಹೇಳಿಕೊಟ್ಟ ಕಡೆ ಶೇ. 27. ಮಾತ್ರೆ ಎರಡೂ ಕಡೆ ಇತ್ತು. ಗುಂಪಿಗೆ ಬಂದ್ವಿ, ಇನ್ನು ಮಾತ್ರೆ ಬೇಡ ಅಂತ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ.

ಒಂದು ಸಲ ಬಂದು ಹೋದರೆ ಪ್ರಯೋಜನ ಕಡಿಮೆ. ಚಿಕಿತ್ಸೆ ಹೇಗಿರಬೇಕು ಅಂತ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ, ಮೂರು ತಿಂಗಳಿಂದ ಒಂದು ವರ್ಷದೊಳಗೆ ಕನಿಷ್ಠ 10 ಸಭೆ ಬೇಕು ಎನ್ನುತ್ತದೆ. ತಂದೆಯವರನ್ನು ಬಲವಂತ ಮಾಡಬೇಡಿ. ಮೊದಲು ನೀವು, ನಿಮ್ಮ ತಾಯಿ ಹೋಗಿ. ತಮ್ಮನೂ ಕೂರಬಹುದಾ ಅಂತ ಡಾಕ್ಟರನ್ನು ಕೇಳಿ, ಎಷ್ಟೋ ಗುಂಪುಗಳಲ್ಲಿ ಕಾಯಿಲೆ ಇರುವವರೂ ಇರುತ್ತಾರೆ. ನಿದ್ದೆ ಕೆಡುವುದು, ಯಾರೋ ತನ್ನ ಬಗ್ಗೆನೇ ಮಾತಾಡುತ್ತಿದ್ದಾರೆ ಎನ್ನುವುದು ಮತ್ತೆ ಶುರುವಾದರೆ ಮುಂದಿನ ಸಭೆವರೆಗೆ ಕಾಯದೆ ಡಾಕ್ಟರಿಗೆ ಹೇಳಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.