ಇದ್ದಿಲಿನ ಅಂಟು ಅಳೆಯುವ ಲೇಖನ: ಸಂಪಾದಕರ ಉತ್ತರ

ನಮಸ್ಕಾರ.

ಇದ್ದಿಲಿನಂಥ ಕಾರ್ಬನ್ ವಸ್ತುಗಳ ಮೇಲ್ಮೈ ಗುಣವನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ (ಆವಿಗಳನ್ನು ಕೊಳವೆಯೊಳಗೆ ಹಾಯಿಸಿ ಬೇರ್ಪಡಿಸುವ ವಿಧಾನದಿಂದ) ಅಳೆಯುವ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಗ್ಯಾಸ್ ಕ್ರೊಮ್ಯಾಟೋಗ್ರಫಿಗಾಗಿ 1952ರಲ್ಲಿ ವಿಜ್ಞಾನಿಗಳಾದ ಜೇಮ್ಸ್ ಮತ್ತು ಮಾರ್ಟಿನ್ ಮಾಡಿದ ಕೆಲಸ ದೊಡ್ಡದೇ, ಆದರೆ ನಿಮ್ಮ ವಿಷಯ ಅದಲ್ಲ. ನಿಮ್ಮ ವಿಷಯ ಶುರುವಾಗುವುದು ಮೂರನೇ ಪುಟದಲ್ಲಿ. ಸಾಮಾನ್ಯವಾಗಿ ಕಾಲಂನಲ್ಲಿ, ಅಂದರೆ ಆವಿ ಹಾಯುವ ಕೊಳವೆಯಲ್ಲಿ, ಏನಿದೆ ಅಂತ ಗೊತ್ತಿರುತ್ತದೆ, ಒಳಗೆ ಬಿಡುವ ಸ್ಯಾಂಪಲ್ ಗೊತ್ತಿರುವುದಿಲ್ಲ. ಇಲ್ಲಿ ಎಲ್ಲ ಉಲ್ಟಾ. ಪರೀಕ್ಷಿಸಬೇಕಾದ ಇದ್ದಿಲ ಪುಡಿಯನ್ನೇ ಕಾಲಂಗೆ ತುಂಬುತ್ತಾರೆ. ಗೊತ್ತಿರುವ ಹೆಕ್ಸೇನ್, ಹೆಪ್ಟೇನ್, ಆಕ್ಟೇನ್ ಆವಿಗಳನ್ನು ಹೀಲಿಯಂ ಜೊತೆ ಒಂದೊಂದಾಗಿ ಹಾಯಿಸುತ್ತಾರೆ. ಯಾವುದು ಎಷ್ಟು ಹೊತ್ತು ಒಳಗೆ ಉಳಿಯಿತು ಎಂದು ನೋಡಿ, ಹೆಚ್ಚುಕಡಿಮೆ ಅಂಟದೇ ಹೊರಬರುವ ಮೀಥೇನಿನ ಹೊತ್ತನ್ನು ಅದರಿಂದ ಕಳೆಯುತ್ತಾರೆ. ಆವಿಯ ಅಣುವಿನ ಸರಪಳಿಗೆ ಒಂದು ಕಾರ್ಬನ್ ಸೇರಿದಾಗ ಅಂಟು ಎಷ್ಟು ಹೆಚ್ಚುತ್ತದೋ ಅದರಿಂದ ಮೇಲ್ಮೈ ಶಕ್ತಿಯ, ಅಂದರೆ ಮೇಲ್ಮೈ ಎಷ್ಟು ಜೋರಾಗಿ ಎಳೆಯುತ್ತದೆ ಎಂಬುದರ, ಲೆಕ್ಕ ಸಿಗುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ? ಅಲ್ಲಿಂದಲೇ ಶುರು ಮಾಡಿ.

ಐದನೇ ಪುಟದಲ್ಲಿ ದೊಡ್ಡ ತಪ್ಪಿದೆ. ಮೇಲ್ಮೈ ವಿಸ್ತೀರ್ಣ, ಮೇಲ್ಮೈ ಶಕ್ತಿ ಎರಡನ್ನೂ ಒಂದೇ ಎಂಬಂತೆ ಬರೆದಿದ್ದೀರಿ. ಗದ್ದೆ ಎಷ್ಟು ಎಕರೆ ಎಂಬುದು ಬೇರೆ, ಅದರ ಮಣ್ಣು ಎಷ್ಟು ಅಂಟು ಎಂಬುದು ಬೇರೆ. ವಿಸ್ತೀರ್ಣಕ್ಕೆ 1938ರ ಬಿಇಟಿ (ಬ್ರುನೌರ್, ಎಮೆಟ್, ಟೆಲ್ಲರ್) ವಿಧಾನವಿದೆ. ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಎಷ್ಟು ಹಿಡಿಯುತ್ತದೆ ಎಂದು ಅದರಲ್ಲಿ ನೋಡುತ್ತಾರೆ.

ಇನ್ನೊಂದು ಮಾತು ನೀವು ಹೇಳಿಯೇ ಇಲ್ಲ. ಆವಿಯನ್ನು ಚೂರೇ ಚೂರು ಬಿಟ್ಟಾಗ ಅಣುಗಳು ಜಾಸ್ತಿ ಎಳೆಯುವ ಜಾಗಗಳಲ್ಲೇ ಹೆಚ್ಚು ಹೊತ್ತು ಕೂರುತ್ತವೆ. ಹಾಗಾಗಿ ಸಿಗುವ ಅಂಕಿ ಇಡೀ ಮೇಲ್ಮೈಯ ಸರಾಸರಿ ಅಲ್ಲ. ತೀರಾ ಸಣ್ಣ ರಂಧ್ರಗಳಲ್ಲಿ ಎರಡೂ ಕಡೆಯ ಗೋಡೆಗಳು ಎಳೆಯುವುದರಿಂದ ಅಂಕಿ ಇನ್ನೂ ಉಬ್ಬುತ್ತದೆ. ಓದುಗರಿಗೆ ಇದನ್ನು ಮುಚ್ಚಿಡಬಾರದು.

ಕ್ಲೋರೋಫಾರ್ಮ್, ಈಥರ್ ಬಳಸಿ ಮೇಲ್ಮೈಯ ಆಮ್ಲ-ಕ್ಷಾರ ಗುಣ ನೋಡುವ ಭಾಗ ಸರಿಯಾಗಿದೆ.

ಕಬ್ಬಿನ ಸಿಪ್ಪೆಯ ಇದ್ದಿಲಿನ ಬಗ್ಗೆ ಇನ್ನಷ್ಟು ಬರೆಯಿರಿ, ನಿಮ್ಮೂರಿನ ಓದುಗರು ಕಾಯುವುದು ಅದಕ್ಕೇ. ಆದರೆ ಈ ಅಂಕಿ ನೋಡಿಯೇ ಸಕ್ಕರೆ ಪಾಕದ ಬಣ್ಣ ತೆಗೆಯುವ ಇದ್ದಿಲು ಆರಿಸಬಹುದು ಎಂಬ ಸಾಲು ಬೇಡ. ಕಾಲಂನಲ್ಲಿರುವುದು ಒಣ ಇದ್ದಿಲು. ಪಾಕದಲ್ಲಿ ನೀರು, ಸಕ್ಕರೆ, ಬಣ್ಣ ಮೂರೂ ಜಾಗಕ್ಕೆ ಪೈಪೋಟಿ ನಡೆಸುತ್ತವೆ.

ಕಾಲಂ ಯಾವ ಉಷ್ಣತೆಯಲ್ಲಿತ್ತು, ಪುಡಿಯನ್ನು ಮೊದಲು ಹೇಗೆ ಒಣಗಿಸಿದರು ಎಂಬುದನ್ನೂ ಸೇರಿಸಿ, ನಾಲ್ಕು ಪುಟದೊಳಗೆ ತಿದ್ದಿ ಕಳಿಸಿ.

ಸಂಪಾದಕ, ಮೈಸೂರು