ಲೌಂಜಿಗೆ ಒಬ್ಬರಿಗಾ, ಇಬ್ಬರಿಗಾ?

ಅಪ್ಪನಿಗೆ ಬಿಸಿನೆಸ್ ಕ್ಲಾಸ್, ಅಮ್ಮನಿಗೆ ಎಕಾನಮಿ, ಬೆಂಗಳೂರಿಂದ ನಸುಕಿನ 3ಕ್ಕೆ ಫ್ರಾಂಕ್‌ಫರ್ಟ್ ವಿಮಾನ. ಇಬ್ಬರನ್ನೂ ಲೌಂಜಿಗೆ (ನಿಲ್ದಾಣದೊಳಗೆ ಕೂತು ತಿಂದು ದಣಿವಾರಿಸಿಕೊಳ್ಳುವ ಕೋಣೆಗೆ) ಬಿಡ್ತಾರಾ, ದಾವಣಗೆರೆ ಎಷ್ಟಕ್ಕೆ ಬಿಡಬೇಕು ಅಂತ ಕೇಳಿದ್ದೀರಿ.

ಬಿಸಿನೆಸ್ ಟಿಕೆಟ್ ಸಾಮಾನ್ಯವಾಗಿ ಆ ಒಬ್ಬರಿಗೆ ಮಾತ್ರ. ಅಪ್ಪನ ಹತ್ರ ಸ್ಟಾರ್ ಅಲಯನ್ಸ್ ಅನ್ನೋ ವಿಮಾನ ಕಂಪನಿಗಳ ಕೂಟದ ಗೋಲ್ಡ್ ಸದಸ್ಯತ್ವ ಇದ್ದು, ಟಿಕೆಟ್ಟೂ ಅದೇ ಕೂಟದ ವಿಮಾನದ್ದಾದರೆ ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಇಲ್ಲದಿದ್ದರೆ ಅಮ್ಮನ ಹೆಸರಲ್ಲೇ ಲೌಂಜಿಗೆ ನಡೆಯುವ ಬ್ಯಾಂಕ್ ಕಾರ್ಡ್ ಬೇಕು, ಅಥವಾ ದುಡ್ಡು ಕೊಡಬೇಕು. ಎಷ್ಟೋ ಡೆಬಿಟ್ ಕಾರ್ಡುಗಳು ದೇಶದೊಳಗಿನ ಲೌಂಜಿಗಷ್ಟೇ ನಡೆಯುತ್ತವೆ, ಅಂತರರಾಷ್ಟ್ರೀಯದ್ದಕ್ಕೆ ಇಲ್ಲ. ಬಾಗಿಲಲ್ಲಿ ಜನ ಸಿಕ್ಕಿಬೀಳೋದು ಇಲ್ಲೇ. ಬ್ಯಾಂಕಿನ ಆ್ಯಪಿನಲ್ಲಿ ಮೊದಲೇ ನೋಡಿ.

ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ, ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಸುಮಾರು 5 ತಾಸು ಇಟ್ಟುಕೊಳ್ಳಿ, ಸಂಜೆ 6ಕ್ಕೆ ಹೊರಟರೆ ಸಾಕು. ಬೇಗ ಹೋದರೆ ಲೌಂಜಿನಲ್ಲಿ ಕೂರಬಹುದು ಅನ್ನೋದು ತಪ್ಪು ಲೆಕ್ಕ: ಲೌಂಜು ಇರೋದು ಇಮಿಗ್ರೇಷನ್, ಸೆಕ್ಯುರಿಟಿ ಎರಡೂ ದಾಟಿದ ಮೇಲೆ, ಬ್ಯಾಗ್ ಕೊಡುವ ಕೌಂಟರ್ ತೆರೆಯೋದು ವಿಮಾನಕ್ಕೆ ಸುಮಾರು 3 ತಾಸು ಮೊದಲು. 12ಕ್ಕೆ ಬ್ಯಾಗ್ ಕೊಟ್ಟರೆ ಒಳಗೆ ಸೇರುವಾಗ 1 ಆಗಿರುತ್ತದೆ. 2ಕ್ಕೆ ಗೇಟಿಗೆ ಹೊರಡಬೇಕು, ಸಿಗೋದು ಒಂದೇ ತಾಸು. ಅಷ್ಟಕ್ಕೆ ಅಮ್ಮನಿಗೆ ದುಡ್ಡು ಕೊಟ್ಟು ಹೋಗೋದು ಬೇಡ ಅನ್ನೋದೇ ನನ್ನ ಮಾತು. ಇಬ್ಬರೂ ಗೇಟಿನ ಹತ್ರ ಒಟ್ಟಿಗೇ ಕೂರಲಿ.

ಲೌಂಜಿಗೆ ಹೋದರೂ ಅಲ್ಲಿ ಸಾಮಾನ್ಯವಾಗಿ ಕೂಗಿ ಕರೆಯಲ್ಲ, ಪರದೆ ನೋಡ್ತಿರಬೇಕು. 2ಕ್ಕೆ ಎದ್ದುಬಿಡಿ, ಟರ್ಮಿನಲ್ 2ರಲ್ಲಿ ಗೇಟಿಗೆ ನಡಿಗೆ ಉದ್ದ.

ಕೈಚೀಲದ ಬುತ್ತಿಯಲ್ಲಿ ರೊಟ್ಟಿ ಇರಲಿ. ಮೊಸರು, ಎಣ್ಣೆ ತೇಲುವ ಉಪ್ಪಿನಕಾಯಿ 100 ಮಿಲಿ ದಾಟಿದರೆ ಸೆಕ್ಯುರಿಟಿಯಲ್ಲೇ ತೆಗೆಸುತ್ತಾರೆ.